ಶರಾವತೀಸುತನಿಗೆ ಬಂದ ಚೆಕ್ಕು

ಮೊನ್ನೆ ಸೊರಬದ ಕಡೆಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಡಿಗ್ರಿ ಮುಗಿದಿದೆಯಂತೆ, ಮನೆಯಲ್ಲಿ ಒಂದಿಷ್ಟು ತೋಟ ಇದೆಯಂತೆ, ಬೆಂಗಳೂರಿಗೆ ಹೋಗುವ ಮನಸ್ಸಿಲ್ಲವಂತೆ. "ಸಾರ್, ಊರಲ್ಲೇ ಇದ್ಕೊಂಡು ಪೇಪರಿಗೆ ಬರೀಬೇಕು ಅಂತಿದೀನಿ. ಹೇಗೆ ಶುರು ಮಾಡೋದು? ಒಳಗೆ ಯಾರ ಪರಿಚಯವಾದ್ರೂ ಇರ್ಬೇಕಾ? ದುಡ್ಡು ಎಷ್ಟು ಕೊಡ್ತಾರೆ?" ಅಂತ ಒಂದೇ ಉಸಿರಿಗೆ ಮೂರು ಪ್ರಶ್ನೆ ಹಾಕಿದ.

ಎರಡನೆಯದಕ್ಕೆ, "ಪರಿಚಯ ಬೇಡ, ನನಗೂ ಯಾರೂ ಇರಲಿಲ್ಲ" ಅಂದೆ. ಮೂರನೆಯದಕ್ಕೆ, "ತೋಟ ಮಾತ್ರ ಮಾರಬೇಡ ಮಾರಾಯ" ಅಂದೆ. ನಕ್ಕ. ಮೊದಲನೆಯ ಪ್ರಶ್ನೆಗೆ ಉತ್ತರ ಫೋನಿನಲ್ಲಿ ಹೇಳುವಂಥದ್ದಾಗಿರಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ನಾನು ಶುರು ಮಾಡಿದ್ದು ಎರಡು ಸಲ. ಮೊದಲ ಸಲದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

1992ರ ಮಾತು. ಬಿ.ಕಾಂ. ಮುಗಿಸಿ ಸಾಗರದಲ್ಲಿ ಅಪ್ಪನ ಕಿರಾಣಿ ಅಂಗಡಿಯ ಗಲ್ಲಾದಲ್ಲಿ ಕೂತಿದ್ದೆ. ಹಿಂದಿನ ವರ್ಷವಷ್ಟೇ ಪಕ್ಕದ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತ್ತು. ಆ ಗುಂಗಿನಲ್ಲಿ ನಮ್ಮ ಕಡೆ ಪೆನ್ನು ಹಿಡಿಯಲು ಬರುವವರೆಲ್ಲ ತಾವೂ ಏನೋ ಆಗುತ್ತೇವೆ ಅಂದುಕೊಂಡಿದ್ದೆವು. ನಾನಂತೂ ಮೊದಲು ಕಾವ್ಯನಾಮ ಇಟ್ಟುಕೊಂಡೆ, ಆಮೇಲೆ ಬರೆಯೋಕೆ ಕೂತೆ. ಹೆಸರು: ಶರಾವತೀಸುತ.

ಮೊದಲು ಬರೆದದ್ದು ಸಂಪಾದಕರಿಗೆ ಒಂದು ಪತ್ರ. ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ನೀರು ಬರುವುದಿಲ್ಲ ಅನ್ನುವುದನ್ನು ಹೇಳಲು ಫುಲ್‌ಸ್ಕೇಪ್ ಹಾಳೆಯಲ್ಲಿ ಎರಡು ಪುಟ. ಗಂಗೆಯ ಅವತರಣದಿಂದ ಆರಂಭ. ಹತ್ತು ದಿನಕ್ಕೆ ಅಚ್ಚಾಯಿತು, ಐದು ಸಾಲು. ಗಂಗೆ, ಭಗೀರಥ ಎಲ್ಲ ಹೋಗಿ ನಲ್ಲಿ ಮಾತ್ರ ಉಳಿದಿತ್ತು. ಸಿಟ್ಟು ಬಂತು. ಆದರೆ ನನ್ನ ಹತ್ತಿರ ಕಾರ್ಬನ್ ಪ್ರತಿ ಇತ್ತಲ್ಲ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಹೇಳಬೇಕಾದ್ದೆಲ್ಲ ಆ ಐದು ಸಾಲಿನಲ್ಲಿ ಇತ್ತು. ವಾರದೊಳಗೆ ನಲ್ಲಿಯೂ ರಿಪೇರಿಯಾಯಿತು. ಈಗಲೂ ಯಾರಾದರೂ ಹೇಗೆ ಶುರು ಮಾಡಲಿ ಅಂದರೆ ಮೊದಲು ವಾಚಕರ ಪತ್ರ ಬರಿ ಅನ್ನುತ್ತೇನೆ. ದುಡ್ಡು ಬರುವುದಿಲ್ಲ, ಆದರೆ ನಿಮ್ಮ ಮಾತಿನಲ್ಲಿ ಕಾಳೆಷ್ಟು ಜೊಳ್ಳೆಷ್ಟು ಅಂತ ಪುಕ್ಕಟೆಯಾಗಿ ಗೊತ್ತಾಗುತ್ತದೆ.

ಆಮೇಲೆ ಲೇಖನಗಳ ಕಾಲ. 'ದೀಪಾವಳಿಯ ಮಹತ್ವ' ಅಂತ ಬರೆದು ಹಬ್ಬಕ್ಕೆ ಆರು ದಿನ ಇರುವಾಗ ಪೋಸ್ಟ್ ಮಾಡಿದೆ. 'ಜೋಗದ ಸಿರಿ' ಅಂತ ಬರೆದೆ. 'ಇಂದಿನ ಯುವಜನತೆ ಎತ್ತ ಸಾಗುತ್ತಿದೆ' ಅಂತ ಬರೆದೆ, ನಾನೇ ಎತ್ತಲೂ ಸಾಗದೆ ಗಲ್ಲಾದಲ್ಲಿ ಕೂತಿದ್ದರೂ. ಸ್ವವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆ ಒಳಗಿಡುತ್ತಿದ್ದೆನಾದ್ದರಿಂದ ಎಲ್ಲವೂ ಕ್ಷೇಮವಾಗಿ ವಾಪಸ್ ಬರುತ್ತಿದ್ದವು. ಪೋಸ್ಟ್‌ಮ್ಯಾನ್ ಅಂಗಡಿ ಕಟ್ಟೆ ಹತ್ತುವಾಗಲೇ ಅಪ್ಪ, "ಬಂತು ನೋಡೋ, ನಿನ್ನ ಅಕ್ಷರದ ಕವರ್ರು" ಅನ್ನೋರು. ನನ್ನ ಅಕ್ಷರದ ಕವರು ಬಂತೆಂದರೆ ಲೇಖನ ತಿರಸ್ಕಾರವಾಯಿತು ಅಂತ ಅವರಿಗೂ ಗೊತ್ತಾಗಿತ್ತು.

ಒಂದು ಸಲ ಮಾತ್ರ ವಾಪಸ್ ಬಂದ ಲೇಖನದ ಜೊತೆ ಒಂದು ಚೀಟಿ ಇತ್ತು. ಯಾರೋ ಉಪಸಂಪಾದಕರು, ಹೆಸರಿಲ್ಲ, ಬರೀ ಸಹಿ. ದೀಪಾವಳಿ ಲೇಖನಗಳು ನಮ್ಮಲ್ಲಿ ರಾಶಿ ಬಿದ್ದಿವೆ, ಪುರವಣಿ ವಾರದ ಮೊದಲೇ ಸಿದ್ಧವಾಗುತ್ತದೆ, ಹಬ್ಬದ ಬರಹ ತಿಂಗಳ ಮೊದಲು ಕಳಿಸಬೇಕು, ಅದಿರಲಿ, ನಿಮ್ಮ ಊರಿನಲ್ಲಿ ನಮಗೆ ಇಲ್ಲಿಂದ ಕಾಣದೆ ಇರುವಂಥದ್ದು ಏನಿದೆಯೋ ಅದನ್ನು ಬರೆಯಿರಿ ಅನ್ನುವ ಅರ್ಥದ ನಾಲ್ಕು ಸಾಲು. ಪತ್ರಿಕೋದ್ಯಮದ ಕಾಲೇಜು ಅಂತ ನಾನು ಓದಿದ್ದಿದ್ದರೆ ಅದೇ ಚೀಟಿ.

ಊರಿನಲ್ಲಿ ಏನಿದೆ ಅಂತ ನೋಡುವಾಗ ಕಣ್ಣಿಗೆ ಬಿದ್ದವರು ಕಲಾಯಿ ಸಾಬರು.

ಈಗಿನವರಿಗೆ ಕಲಾಯಿ ಅಂದರೆ ಗೊತ್ತಿರಲಿಕ್ಕಿಲ್ಲ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಪದಾರ್ಥ ಮಾಡಿದರೆ ಕಿಲುಬು ಬಿಡುತ್ತದೆ, ಹೊಟ್ಟೆಗೆ ವಿಷ. ಅದಕ್ಕೆ ಪಾತ್ರೆಯ ಒಳಮೈಗೆ ತವರದ ತೆಳು ಲೇಪ ಕೊಡಬೇಕು. ನೆಲದಲ್ಲಿ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಿ ಕೆಂಡ ಮಾಡಿ, ಅದರ ಮೇಲೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಲ್ಲಿ ಸರ್ರನೆ ಒರೆಸುತ್ತಾರೆ. ಬಿಳಿ ಹೊಗೆ ಏಳುತ್ತದೆ, ಕಪ್ಪಗಿದ್ದ ಪಾತ್ರೆ ಕಣ್ಣೆದುರೇ ಬೆಳ್ಳಿಯಾಗುತ್ತದೆ. ನಮ್ಮ ಬೀದಿಗೆ ಅವರು ವರ್ಷಕ್ಕೆ ಎರಡು ಸಲ ಬರೋರು. ಅಷ್ಟು ಹೊತ್ತಿಗೆ ಸ್ಟೀಲ್ ಪಾತ್ರೆ ಎಲ್ಲರ ಮನೆಗೂ ಬಂದಾಗಿತ್ತು. ಸಾಬರಿಗೆ ಕೆಲಸ ಕಡಿಮೆಯಾಗಿತ್ತು, ಅದು ನಿಜ.

ಒಂದು ಬೆಳಿಗ್ಗೆ ಅರ್ಧ ಗಂಟೆ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಐದಾರು ಪ್ರಶ್ನೆ ಕೇಳಿದೆ. ಸ್ಟುಡಿಯೋದ ಗೆಳೆಯನಿಂದ ಕ್ಯಾಮೆರಾ ತಂದು ಎರಡು ಫೋಟೋ ಹೊಡೆದೆ. ರಾತ್ರಿಯೆಲ್ಲ ಕೂತು ಬರೆದೆ. ಹರಿದ ಬನಿಯನ್ನು, ಮಸಿ ಮೆತ್ತಿದ ಮುಖ, ಆರುತ್ತಿರುವ ಕೆಂಡ. ಬರೆಯುತ್ತ ಬರೆಯುತ್ತ ನನಗೇ ಕಣ್ಣು ತುಂಬಿ ಬಂತು. ಆ ಭರದಲ್ಲಿ, 'ಒಂದು ಹೊತ್ತಿನ ಗಂಜಿಗೂ ಗತಿಯಿಲ್ಲದ ಈ ವೃದ್ಧ, ನಮ್ಮ ಸೀಮೆಯ ಕಟ್ಟಕಡೆಯ ಕಲಾಯಿಗಾರ' ಅಂತ ಒಂದು ಸಾಲು ಬಿತ್ತು. ಎಷ್ಟು ಚೆನ್ನಾಗಿದೆ ಅಂತ ನಾನೇ ಮೂರು ಸಲ ಓದಿಕೊಂಡೆ.

ಒಂದೂವರೆ ತಿಂಗಳಿಗೆ ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಬಂತು. ದೊಡ್ಡ ಫೋಟೋ. ಕೆಳಗೆ ಕಪ್ಪಕ್ಷರದಲ್ಲಿ ಶರಾವತೀಸುತ. ಅಂಗಡಿಗೆ ಬಂದವರಿಗೆಲ್ಲ ಸಕ್ಕರೆ ಕಟ್ಟುವ ಮೊದಲು ಪೇಪರ್ ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಚೆನ್ನಾಗಿದೆ. ದುಡ್ಡು ಕೊಡ್ತಾರಾ?" ಅಂತ ಮಾತ್ರ ಕೇಳಿದರು.

ಕೊಟ್ಟರು. ಎರಡು ತಿಂಗಳ ಮೇಲೆ ನೂರೈವತ್ತು ರೂಪಾಯಿಯ ಚೆಕ್ಕು ಬಂತು. ಶರಾವತೀಸುತ ಅವರ ಹೆಸರಿಗೆ! ಬ್ಯಾಂಕಿಗೆ ಹೋದೆ.

"ಯಾರ್ರೀ ಇದು ಶರಾವತೀಸುತ?"

"ನಾನೇ ಸಾರ್."

"ಪಾಸ್‌ಬುಕ್ಕಲ್ಲಿ ಬೇರೆ ಹೆಸರಿದೆಯಲ್ಲ?"

"ಅದು ಕಾವ್ಯನಾಮ ಸಾರ್. ಶರಾವತಿಯ ಮಗ ಅಂತ."

ಅವರು ಪಾಸ್‌ಬುಕ್ಕು ತಿರುವಿ ಹಾಕಿ ಗಂಭೀರವಾಗಿ, "ತಾಯಿ ಹೆಸರು ಶರಾವತಿ ಅಂತ ಎಲ್ಲಾದ್ರೂ ದಾಖಲೆ ಇದ್ರೆ ತಗೊಂಬನ್ನಿ, ನೋಡೋಣ" ಅಂದರು. ಚೆಕ್ಕು ಬೆಂಗಳೂರಿಗೆ ವಾಪಸ್ ಹೋಗಿ ನಿಜವಾದ ಹೆಸರಿನಲ್ಲಿ ಬರಲು ಮತ್ತೆ ಮೂರು ತಿಂಗಳು ಹಿಡಿಯಿತು. ಈ ಕಥೆಯನ್ನು ಎಷ್ಟೋ ಸಭೆಗಳಲ್ಲಿ ಹೇಳಿ ಜನರನ್ನು ನಗಿಸಿದ್ದೇನೆ. ಲೇಖನ ಬಂದ ನಾಲ್ಕನೆಯ ದಿನ ನಡೆದದ್ದನ್ನು ಮಾತ್ರ ಹೇಳಿಲ್ಲ.

ಅವತ್ತು ಮಧ್ಯಾಹ್ನ ಕಲಾಯಿ ಸಾಬರು ಅಂಗಡಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿದ್ದರು. ಕೈಯಲ್ಲಿ ಮಡಚಿದ ಪೇಪರ್. ಖುಷಿಯಾಗಿ ಬಂದಿದ್ದಾರೆ ಅಂತ ನಾನು ಎದ್ದು ನಿಂತೆ.

"ತಮ್ಮಾ, ಇದು ನೀನೇ ಬರೆದಿದ್ದಲ್ವಾ?"

"ಹೌದು ಸಾಬ್ರೇ."

"ಮಗ ಓದಿ ಹೇಳಿದ. ಒಂದು ಹೊತ್ತಿನ ಗಂಜಿಗೂ ಗತಿಯಿಲ್ಲ ಅಂತ ನಾನು ಹೇಳಿದ್ನಾ?"

ನಾನು ಮಾತಾಡಲಿಲ್ಲ.

"ನಾನು ಹೇಳಲಿಲ್ಲ. ಮತ್ತೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಬನಿಯನ್ನು ಹರಿದಿತ್ತು, ಅಷ್ಟೇ. ಕೆಂಡದ ಮುಂದೆ ಕೂರುವಾಗ ಯಾರಾದರೂ ಹೊಸ ಬನಿಯನ್ನು ಹಾಕುತ್ತಾರಾ? ಅವರಿಗೆ ಸ್ವಂತ ಮನೆಯಿತ್ತು. ದೊಡ್ಡ ಮಗ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. 'ಕಟ್ಟಕಡೆಯ ಕಲಾಯಿಗಾರ'ನ ತಮ್ಮನ ಮಗ ಹೊಸನಗರದಲ್ಲಿ ಇದೇ ಕೆಲಸ ಮಾಡುತ್ತಿದ್ದ. ಒಂದನ್ನೂ ನಾನು ಕೇಳಿರಲಿಲ್ಲ. ವಯಸ್ಸು ಐವತ್ತೆಂಟಂತೆ, ನಾನು ವೃದ್ಧ ಅಂತ ಬರೆದಿದ್ದೆ.

ಅವರು ಜಗಳ ಮಾಡಲಿಲ್ಲ. ಮಗಳಿಗೆ ಭದ್ರಾವತಿ ಕಡೆಯ ಒಂದು ಸಂಬಂಧ ಬಂದಿತ್ತು, ಮಾತು ಅರ್ಧ ಮುಗಿದಿತ್ತು, ಅವರ ಮನೆಗೆ ಯಾರೋ ಈ ಪೇಪರ್ ತಗೊಂಡು ಹೋಗಿ ತೋರಿಸಿದ್ದಾರೆ, ಅಷ್ಟು ಹೇಳಿದರು. ಆಮೇಲೆ ಲೇಖನದ ಕೆಳಗೆ ಬೆರಳಿಟ್ಟು, "ಇಲ್ಲಿ ನಿನ್ನ ಹೆಸರು ಹಾಕಿಲ್ಲ ಅಂದ ಮಗ, ಹೌದಾ?" ಅಂತ ಕೇಳಿದರು.

ಹೌದು. ಅವರ ಹೆಸರಿತ್ತು, ಬೀದಿಯ ಹೆಸರಿತ್ತು, ಮುಖವಿತ್ತು. ಬರೆದವನ ಹೆಸರೊಂದೇ ಇರಲಿಲ್ಲ. ಕಾವ್ಯನಾಮ ಅಂದರೆ ಶೋಕಿ ಅಂತ ಮಾತ್ರ ತಿಳಿದಿದ್ದ ನನಗೆ ಅವತ್ತು ಅದು ಮುಸುಕು ಹಾಕಿಕೊಂಡು ಕಲ್ಲು ಹೊಡೆದ ಹಾಗೆ ಕಂಡಿತು.

ಗೋಣಿಚೀಲದ ಹಿಂದೆ ಕೂತಿದ್ದ ಅಪ್ಪ ಎಲ್ಲ ಕೇಳಿಸಿಕೊಂಡಿದ್ದರು. ನನಗೆ ಒಂದು ಮಾತೂ ಬೈಯಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ಹಾಕಿ, "ನಡಿ" ಅಂದರು. ಮೂವರೂ ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ಹುಡುಗನ ಮನೆಯಲ್ಲಿ ಅಪ್ಪ, "ಬರೆದದ್ದು ನನ್ನ ಮಗ. ವಿಚಾರಿಸದೆ ಬರೆದಿದ್ದಾನೆ. ಇವರು ನಮ್ಮ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ರೊಕ್ಕ ಕೊಟ್ಟೇ ಸಾಮಾನು ಒಯ್ದವರು, ಉದ್ರಿ ಬರೆಸಿದವರಲ್ಲ" ಅಂದರು. ನಾನು ಕೈಕಟ್ಟಿ ನಿಂತಿದ್ದೆ. ಅವರು ಚಹಾ ಕೊಟ್ಟು, ಮರ್ಯಾದೆಯಿಂದಲೇ ಕಳಿಸಿದರು.

ಪತ್ರಿಕೆಗೂ ಬರೆದೆ. ಮೂರು ವಾರ ಬಿಟ್ಟು ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಬಂತು. ಅದನ್ನು ಕತ್ತರಿಸಿ ಒಯ್ದು ತೋರಿಸಿದೆ. ಸಾಬರು ನೋಡಿ, ಅಂಗೈ ಅಗಲಿಸಿ, "ಫೋಟೋ ಇಷ್ಟು ದೊಡ್ಡದಿತ್ತಲ್ಲ ತಮ್ಮಾ" ಅಂದರು.

ಆ ಸಂಬಂಧ ಆಗಲಿಲ್ಲ. ಪೇಪರಿನಿಂದಲೇ ತಪ್ಪಿತೋ, ಬೇರೆ ಕಾರಣವಿತ್ತೋ, ಅವರು ಹೇಳಲಿಲ್ಲ. ನನಗೆ ಕೇಳುವ ಮುಖವಿರಲಿಲ್ಲ. ಹುಡುಗಿಗೆ ಮುಂದಿನ ವರ್ಷ ಶಿವಮೊಗ್ಗದಲ್ಲಿ ಮದುವೆಯಾಯಿತು. ಅಷ್ಟರಲ್ಲಿ ನಾನು ಬರೆಯುವುದನ್ನು ಬಿಟ್ಟಿದ್ದೆ. ಮೂರು ತಿಂಗಳ ಮೇಲೆ ಸರಿಯಾದ ಹೆಸರಿನಲ್ಲಿ ಬಂದ ಆ ಚೆಕ್ಕು ದೇವರ ಗೂಡಿನಲ್ಲಿ ಬಿದ್ದುಕೊಂಡೇ ಇದ್ದು ಅವಧಿ ಮುಗಿದುಹೋಯಿತು. ಸಭೆಗಳಲ್ಲಿ ಈ ಕೊನೆಯ ಭಾಗ ಹೇಳುವುದಿಲ್ಲ, ಯಾಕೆಂದರೆ ಯಾಕೆ ಹಾಕಲಿಲ್ಲ ಅಂತ ಯಾರಾದರೂ ಕೇಳುತ್ತಾರೆ.

ಮತ್ತೆ ಶುರುವಾದದ್ದೂ ಸಾಬರಿಂದಲೇ. ಎಂದಿನಂತೆ ನಮ್ಮ ಬೀದಿಗೆ ಬಂದಿದ್ದರು. ಅಮ್ಮ ಎರಡು ಹಿತ್ತಾಳೆ ಪಾತ್ರೆ ಕೊಟ್ಟು ಕಳಿಸಿದಳು. ನಾನು ಕೊಟ್ಟು ತಿರುಗಿ ಹೊರಟೆ.

"ಈಗ ಬರೆಯೋದಿಲ್ವಂತಲ್ಲ?"

"ಇಲ್ಲ ಸಾಬ್ರೇ."

"ಬರೀ, ಬರೀ. ಆದ್ರೆ ಅವತ್ತು ನೀನು ಪಾತ್ರೆ ಉಜ್ಜೋದನ್ನ ಬರೀಲೇ ಇಲ್ಲ ನೋಡು. ನನ್ನ ಮಗನೂ ಅದನ್ನೇ ಅಂದ."

ಅವತ್ತು ಅಲ್ಲೇ ಕೂತು ನೋಡಿದೆ, ಮೂರು ಗಂಟೆ. ಪಾತ್ರೆಯೊಳಗೆ ಮರಳು ಹಾಕಿ, ಬಟ್ಟೆ ಇಟ್ಟು, ಕಾಲಿನಲ್ಲಿ ನಿಂತು ಗಿರಗಿರ ತಿರುಗುತ್ತ ಉಜ್ಜಿದರು. ಬೆವರು ಸುರಿಯುತ್ತಿತ್ತು. ಮತ್ತೆ ತೊಳೆದರು, ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಉಜ್ಜಿದರು. ಜಿಡ್ಡು, ಕಿಲುಬು ಒಂದು ಚೂರು ಉಳಿದರೂ ಅಲ್ಲಿ ತವರ ಹಿಡಿಯುವುದಿಲ್ಲವಂತೆ. ನಾನು ಮೊದಲ ಸಲ ನೋಡಿದ್ದ ಆ ಹೊಗೆ, ಆ ಮಿಂಚು ಎಲ್ಲ ಕೊನೆಯ ಎರಡು ನಿಮಿಷದ್ದು. ಆ ಎರಡು ನಿಮಿಷವನ್ನು ಅರ್ಧ ಪುಟ ಬರೆದಿದ್ದೆ.

ಅಲ್ಲಿಂದ ಮುಂದೆ ನನ್ನ ಸ್ವಂತ ಹೆಸರಿನಲ್ಲಿ ಬರೆದೆ. ಯಾರ ಬಗ್ಗೆ ಬರೆದರೂ ಕಳಿಸುವ ಮೊದಲು ಅವರ ಮನೆಗೆ ಹೋಗಿ ಅವರ ಬಗ್ಗೆ ಇರುವ ಸಂಗತಿಗಳನ್ನೆಲ್ಲ ಓದಿ ಹೇಳುತ್ತೇನೆ. ಹೆಸರು, ವಯಸ್ಸು, ಎಷ್ಟು ಮಕ್ಕಳು, ಎಷ್ಟು ಎಕರೆ. ಹೊಗಳಿಕೆ ಸೇರಿಸಿ ಅಂದರೆ ಸೇರಿಸುವುದಿಲ್ಲ. ತಪ್ಪು ಅಂದರೆ ತಿದ್ದುತ್ತೇನೆ. 'ಏಕೈಕ', 'ಕಟ್ಟಕಡೆಯ', 'ಮೊಟ್ಟಮೊದಲ' ಅನ್ನುವ ಪದ ಕೈಗೆ ಬಂದರೆ ಪೆನ್ನು ಕೆಳಗಿಟ್ಟು ಇನ್ನಿಬ್ಬರನ್ನು ಕೇಳಿಕೊಂಡು ಬರುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಇನ್ನೊಬ್ಬರು ಸಿಕ್ಕೇ ಸಿಗುತ್ತಾರೆ.

ಊರಿನಲ್ಲಿದ್ದು ಬರೆಯುವುದು ಬೆಂಗಳೂರಿನಲ್ಲಿದ್ದು ಬರೆಯುವ ಹಾಗಲ್ಲ. ಅಲ್ಲಿ ಬರೆದವನೂ ಬರೆಸಿಕೊಂಡವನೂ ಮತ್ತೆ ಭೇಟಿಯಾಗುವುದೇ ಅಪರೂಪ. ಇಲ್ಲಿ ಸೋಮವಾರ ಬೆಳಿಗ್ಗೆ ಅದೇ ಮನುಷ್ಯ ಅಂಗಡಿಗೆ ಬೆಲ್ಲ ಕೊಳ್ಳಲು ಬರುತ್ತಾನೆ. ಮೊದಮೊದಲು ಇದು ಕಷ್ಟ ಅನಿಸಿತ್ತು. ಈಗ ನಮ್ಮಂಥವರಿಗೆ ಇರುವ ದೊಡ್ಡ ಅನುಕೂಲ ಇದೇ ಅನಿಸುತ್ತದೆ. ಪುತ್ತೂರಿನಿಂದ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೆ ಲೇಖನಿ ಅನ್ನುವ ಮಾತನ್ನೇ ಹಿಡಿದುಕೊಂಡು ಬೆಳೆಯಿತು. ತೋಟದವರೇ ತೋಟದ ಬಗ್ಗೆ ಬರೆದರು. ಅದರಲ್ಲಿ ಬಂದ ಲೇಖನ ಸುಳ್ಳಾದರೆ ಪಕ್ಕದ ತೋಟದವನೇ ಬಂದು ಕೇಳುತ್ತಾನಲ್ಲ!

ಇನ್ನು ಆ ಹುಡುಗ ಕೇಳಿದ ವ್ಯವಹಾರದ ಮಾತು. ಯಾವ ಪತ್ರಿಕೆಗೆ ಕಳಿಸುತ್ತೀರೋ ಅದರ ಪುರವಣಿಗಳನ್ನು ಎರಡು ತಿಂಗಳು ಓದಿ. ಯಾವ ದಿನ ಯಾವ ಪುಟ, ಎಷ್ಟು ಉದ್ದ, ಎಂಥ ಫೋಟೋ ಅಂತ ನೋಟ್‌ಬುಕ್ಕಲ್ಲಿ ಬರೆದಿಟ್ಟುಕೊಳ್ಳಿ. ಆರುನೂರು ಪದ ಹಿಡಿಸುವ ಜಾಗಕ್ಕೆ ಸಾವಿರದೈನೂರು ಕಳಿಸಿದರೆ ಕತ್ತರಿಸುವ ಕೆಲಸ ಅವರಿಗೆ ಬೀಳುತ್ತದೆ, ಅವರಿಗೆ ಪುರುಸೊತ್ತಿಲ್ಲ. ಒಂದೇ ಲೇಖನ ಒಂದೇ ಸಲ ಎರಡು ಪತ್ರಿಕೆಗೆ ಬೇಡ. ಎರಡರಲ್ಲೂ ಬಂದುಬಿಟ್ಟರೆ ಎರಡೂ ಬಾಗಿಲು ಮುಚ್ಚುತ್ತವೆ. ತಿಂಗಳು ಕಾಯಿರಿ, ಆಮೇಲೆ ಒಂದು ಸಾಲು ಕೇಳಿ, ಉತ್ತರ ಬಾರದಿದ್ದರೆ ಬೇರೆ ಕಡೆ ಕಳಿಸಿ. ಈಗ ಪೋಸ್ಟಿನ ಗೋಳಿಲ್ಲ, ಈಮೇಲ್ ಇದೆ. ಆದರೆ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ್ದು ಅಲ್ಲಿ ತೆರೆದಾಗ ಬರೀ ಚಿತ್ರವಿಚಿತ್ರ ಗುರುತುಗಳಾಗಿ ಕಾಣಬಹುದು. ಅವರಿಗೆ ಯಾವುದು ಓದಲು ಬರುತ್ತದೆ ಅಂತ ಮೊದಲೇ ಕೇಳಿ, ಇಲ್ಲ ಯೂನಿಕೋಡಿನಲ್ಲಿ ಕಳಿಸಿ. ಕೆಳಗೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವ ಹೆಸರು, ವಿಳಾಸ, ಫೋನ್ ನಂಬರ್ ಇರಲಿ. ಕಾವ್ಯನಾಮ ಬೇಕೇ ಬೇಕು ಅಂದರೆ ಆಮೇಲೆ ನೋಡೋಣ.

ದುಡ್ಡು? ಮತ್ತೆ ಶುರು ಮಾಡಿದ ಮೊದಲ ವರ್ಷ ಒಂಬತ್ತು ಲೇಖನ ಅಚ್ಚಾಗಿ ಸಾವಿರದ ನೂರ ನಲವತ್ತು ರೂಪಾಯಿ ಬಂತು. ಪೋಸ್ಟಿಗೆ, ಫೋಟೋಗೆ, ಬಸ್ ಚಾರ್ಜಿಗೆ ಅದಕ್ಕಿಂತ ಜಾಸ್ತಿ ಹೋಯಿತು. ಈಗ ಸಂಭಾವನೆ ಏರಿದೆ, ಅಡಿಕೆ ಕೊಯ್ಯುವವರ ಕೂಲಿಯೂ ಏರಿದೆ, ಲೆಕ್ಕ ಅಷ್ಟಕ್ಕಷ್ಟೇ. ಕೆಲವರು ಕೊಡುವುದೇ ಇಲ್ಲ. ಯಾವ ತಾರೀಕಿಗೆ ಯಾವುದು ಅಚ್ಚಾಯಿತು, ಎಷ್ಟು ಬರಬೇಕು ಅಂತ ಉದ್ರಿ ಪುಸ್ತಕದ ಹಾಗೆ ಬರೆದಿಡಿ, ನಾಚಿಕೊಳ್ಳದೆ ಕೇಳಿ. ನಾನು ಅಂಗಡಿ ಬಿಡಲಿಲ್ಲ. ಬಿಟ್ಟಿದ್ದರೆ ವಾರಕ್ಕೆ ನಾಲ್ಕು ಬರೆಯಬೇಕಾಗುತ್ತಿತ್ತು, ನಾಲ್ಕು ಬರೆದರೆ ಯಾರ ಮನೆಗೂ ಹೋಗಿ ಓದಿ ಹೇಳಲು ಆಗುತ್ತಿರಲಿಲ್ಲ.

ಕಲಾಯಿ ಸಾಬರು ಈಗಿಲ್ಲ. ಅಪ್ಪನೂ ಇಲ್ಲ. ಅಮ್ಮನ ಹಿತ್ತಾಳೆ ಪಾತ್ರೆ ಅಟ್ಟದ ಮೇಲಿದೆ. ಸಾಬರ ಬಗ್ಗೆ ಎರಡನೆಯ ಸಲ ಒಂದು ಲೇಖನ ಬರೆದಿದ್ದೆ, ಪಾತ್ರೆ ಉಜ್ಜುವುದನ್ನೇ ಬರೆದಿದ್ದೆ. ಓದಿ ಹೇಳಿದಾಗ ಎಲ್ಲ ಕೇಳಿ, "ಸರಿ ಇದೆ. ಆದ್ರೆ ಪೇಪರಿಗೆ ಬೇಡ ತಮ್ಮಾ" ಅಂದರು. ಕಳಿಸಲಿಲ್ಲ. ಅದು ಈಗಲೂ ನನ್ನ ಕಪಾಟಿನಲ್ಲಿದೆ.

ಇಷ್ಟನ್ನು ಬರೆಯುವ ಮೊದಲು ಅವರ ಮಗನಿಗೆ ಓದಿ ಹೇಳಿದೆ. ಗ್ಯಾರೇಜು ಈಗ ಅವನದೇ. "ಹಾಕಿ, ಅಡ್ಡಿಯಿಲ್ಲ. ಅಪ್ಪನ ಹೆಸರು ಮಾತ್ರ ಬೇಡ" ಅಂದ. ಹಾಕಿಲ್ಲ.

ನಿನ್ನೆ ಸೊರಬದ ಹುಡುಗ ಲೇಖನವೊಂದನ್ನು ಕಳಿಸಿದ್ದ. ಚಾಪೆ ನೇಯುವ ಒಬ್ಬ ಅಜ್ಜಿಯ ಬಗ್ಗೆ. ಭಾಷೆ ಚೆನ್ನಾಗಿದೆ. 'ಎಂಬತ್ತರ ಹರೆಯದ ಈ ಏಕಾಂಗಿ ಜೀವ' ಅಂತ ಇತ್ತು. ಫೋನ್ ಮಾಡಿ, "ಅಜ್ಜಿಗೆ ಓದಿ ಹೇಳಿದೆಯಾ?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಇಲ್ಲ ಸಾರ್" ಅಂದ.

ಇವತ್ತು ಸಂಜೆ ಅವನದೇ ಫೋನು. "ಸಾರ್, ಹೋಗಿದ್ದೆ. ಅಜ್ಜಿಗೆ ಎಪ್ಪತ್ತೆರಡಂತೆ. ಇಬ್ಬರು ಹೆಣ್ಣುಮಕ್ಕಳಿದ್ದಾರಂತೆ, ದಿನಾ ಫೋನ್ ಮಾಡ್ತಾರಂತೆ. ಚೆನ್ನಾಗಿ ಬೈದ್ರು. ಆಮೇಲೆ ಊಟ ಹಾಕಿದ್ರು."